ಒಂದು ಚೀಲ ಕಾಫಿನೂ ಬೇರೆಯಾಗಿ ಹಲ್ಲಿಂಗ್ ಮಾಡ್ಕೊಡೋ ಜಾಗ ಕೊಡಗಿಗೆ ಬೇಕು

ಸಂಪಾದಕರೇ, ನಮಸ್ಕಾರ.

ಮನೆಲೇ ಕಾಫಿ ಬೀಜ ಹುರಿದು ಪುಡಿ ಮಾಡ್ಕೊಳ್ಳೋರು ನಮ್ಮ ಜಿಲ್ಲೆಲಿ ಈಚೆಗೆ ಜಾಸ್ತಿ ಆಗ್ತಿದ್ದಾರೆ. ಮಡಿಕೇರಿ, ಗೋಣಿಕೊಪ್ಪ, ಕುಶಾಲನಗರ, ಸೋಮವಾರಪೇಟೆ ಎಲ್ಲಾ ಕಡೆ ನಂಗೆ ಗೊತ್ತಿರೋ ಹಾಗೆ ಇದ್ದಾರೆ, ಟೀಚರ್ಸು, ಬ್ಯಾಂಕಿನೋರು, ಹೋಂಸ್ಟೇ ನಡೆಸೋರು, ರಿಟೈರ್ ಆಗಿ ಊರಿಗೆ ಬಂದೋರು. ಇವರು ಈಗ ಸೇರ್ಕೊಂಡು ಒಂದು ಕೆಲಸ ಶುರು ಮಾಡಿದ್ದಾರೆ, ಹತ್ತಿಪ್ಪತ್ತು ಮನೆಯೋರು ದುಡ್ಡು ಒಟ್ಟು ಹಾಕಿ ಒಬ್ಬ ಸಣ್ಣ ಬೆಳೆಗಾರರ ಹತ್ರ ಒಂದು ಚೀಲ ಒಳ್ಳೆ ಕಾಫಿನ ಮಾರ್ಕೆಟ್ ರೇಟಿಗಿಂತ ಜಾಸ್ತಿ ಕೊಟ್ಟು ತಗೊಂಡು, ಹುರಿಯದೇ ಇರೋ ಬೀಜನ ತಲಾ ಎರಡು ಕೆಜಿ ಅಂತ ಹಂಚ್ಕೊಳ್ಳೋದು. ನಾನೂ ಅದರಲ್ಲಿ ಒಬ್ಬ. ಇದು ಬೆಳೆಗಾರರಿಗೂ ಒಳ್ಳೇದು ಕುಡಿಯೋರಿಗೂ ಒಳ್ಳೇದು, ಆದ್ರೆ ಒಂದೇ ಒಂದು ಕಡೆ, ಹಲ್ಲಿಂಗಲ್ಲಿ, ಅಂದ್ರೆ ಒಣಗಿದ ಬೀಜದ ಮೇಲಿನ ಗಟ್ಟಿ ಸಿಪ್ಪೆ ತೆಗೆಸೋ ಕಡೆ ಬಂದು ಸಿಕ್ಕಾಕೊಳ್ತಿದೆ, ಅದನ್ನ ಹೇಳೋಕೆ ಈ ಪತ್ರ.

ಮೊದ್ಲು ಯಾಕೆ ಇದು ಬೇಕು ಅಂತ ಹೇಳ್ತೀನಿ. ದೇಶದ ಕಾಫಿಲಿ ಹೆಚ್ಚುಕಮ್ಮಿ ಮೂರನೇ ಒಂದು ಭಾಗ ಕೊಡಗಿಂದೇ ಬರೋದು, ದೇಶದಲ್ಲಿ ಬೆಳೆದಿದ್ದರಲ್ಲಿ ನೂರಕ್ಕೆ ಎಪ್ಪತ್ತರಷ್ಟು ಹೊರದೇಶಕ್ಕೆ ಹೋಗುತ್ತೆ. ನಮ್ಮ ಕಣದಲ್ಲಿ ಒಣಗಿದ ಒಳ್ಳೊಳ್ಳೆ ಕಾಫಿ ಇಟಲಿ ಜರ್ಮನಿ ಅಂತ ಹೋಗ್ತಾ ಇರುತ್ತೆ, ನಮ್ಮ ಅಡುಗೆಮನೇಲಿ ಇರೋದು ಅಂಗಡಿಯಿಂದ ತಂದ ಚಿಕೋರಿ ಸೇರಿದ ಪುಡಿ. ಕಾಫಿ ಚಿಕೋರಿ ಮಿಶ್ರಣದಲ್ಲಿ ಕಾಫಿ 51 ಪರ್ಸೆಂಟ್ ಇದ್ರೆ ಸಾಕು ಅಂತ ಕಾನೂನೇ ಹೇಳುತ್ತೆ, ಅಂದ್ರೆ ಅರ್ಧಕ್ಕೆ ಹತ್ರ ಚಿಕೋರಿ ಬೇರು ಇದ್ರೂ ಅದು ಸರಿನೇ. ಚಿಕೋರಿ ಇಷ್ಟಪಡೋರು ಕುಡೀಲಿ, ಅದಕ್ಕೆ ನನ್ನ ತಕರಾರಿಲ್ಲ, ಆದ್ರೆ ಕಾಫಿ ಗಿಡದ ನಡುವೆ ಹುಟ್ಟಿ ಬೆಳೆದ ಮಕ್ಕಳಿಗೆ ನಮ್ಮ ಎಸ್ 795 ಅರೇಬಿಕಾದ ಬರೀ ರುಚಿ ಹೇಗಿರುತ್ತೆ ಅಂತ ಗೊತ್ತಿಲ್ಲದೇ ಇದ್ರೆ ನಂಗೆ ಸಂಕಟ ಆಗುತ್ತೆ. 1940ರ ದಶಕದಿಂದ ಬೆಳೀತಿರೋ ತಳಿ ಅದು, ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದ ಕೆಲಸ, ಇಂಡೋನೇಷ್ಯಾದಲ್ಲೂ ಬೆಳೀತಾರೆ. ಕೂರ್ಗ್ ಅರೇಬಿಕಾಗೆ 2019ರಲ್ಲಿ ಜಿಐ ಟ್ಯಾಗ್, ಅಂದ್ರೆ ಈ ಊರಿನ ಬೆಳೆ ಅನ್ನೋ ಗುರುತು ಸಿಕ್ತು, ಪೇಪರ್‌ಗಳಲ್ಲೆಲ್ಲಾ ಬಂತು, ಖುಷಿ ಪಟ್ವಿ, ಆದ್ರೆ ಮಡಿಕೇರಿ ಪೇಟೆಲಿ ನಿಂತು ಇದು ಇಂಥಾ ತೋಟದ್ದು ಈ ವರ್ಷದ ಕುಯ್ಲಿಂದು ಅಂತ ಗೊತ್ತಿರೋ ಎರಡು ಕೆಜಿ ಗ್ರೀನ್ ಬೀನ್ (ಹುರಿಯದ ಬೀಜ) ಕೊಡಿ ಅಂತ ಕೇಳಿ ನೋಡಿ, ಸಿಗೋದು ಕಷ್ಟ.

ಹಿರಿಯರಿಗೆ ಇದರ ಹಿನ್ನೆಲೆ ಗೊತ್ತು, ಚಿಕ್ಕೋರಿಗೆ ಗೊತ್ತಿರಲ್ಲ. 1942ರ ಕಾಫಿ ಆಕ್ಟ್ ಬಂದ ಮೇಲೆ ಬೆಳೆಗಾರ ತನ್ನ ಕಾಫಿನ ತಾನೇ ಮಾರೋ ಹಾಗಿರಲಿಲ್ಲ, ಮನೆ ಖರ್ಚಿಗೆ ಮತ್ತೆ ಬಿತ್ತನೆಗೆ ಅಂತ ಸ್ವಲ್ಪ ಇಟ್ಕೊಂಡು ಉಳಿದಿದ್ದೆಲ್ಲಾ ಕಾಫಿ ಬೋರ್ಡಿನ ಪೂಲ್‌ಗೆ ಕೊಡ್ಬೇಕಿತ್ತು. ದುಡ್ಡು ಕಂತಲ್ಲಿ ಬರ್ತಿತ್ತು. ಯಾರ ತೋಟದ್ದು ಚೆನ್ನಾಗಿದೆ ಯಾರದ್ದು ಇಲ್ಲ ಅನ್ನೋದೆಲ್ಲ ಆ ಪೂಲಲ್ಲಿ ಸೇರಿ ಒಂದೇ ಆಗಿಬಿಡ್ತಿತ್ತು. 90ರ ದಶಕದ ಶುರುವಿಂದ ಸ್ವಲ್ಪ ಸ್ವಲ್ಪ ಸಡಿಲ ಮಾಡ್ತಾ ಬಂದು 1996ಕ್ಕೆ ಪೂರ್ತಿ ಓಪನ್ ಮಾಡಿದ್ರು. ಅಂದ್ರೆ ನಮ್ಮ ಕಾಫಿನ ನಮ್ಮ ಪಕ್ಕದ ರೋಡಿನೋರಿಗೆ ಮಾರೋ ಸ್ವಾತಂತ್ರ್ಯ ಬಂದು ಮೂವತ್ತು ವರ್ಷದ ಹತ್ರ ಆಯ್ತು, ಆದ್ರೆ ಮಾರೋ ರೀತಿ ಮಾತ್ರ ಹಾಗೇ ಉಳ್ಕೊಂಡಿದೆ. ಈಗಲೂ ವ್ಯಾಪಾರಿ ಬಂದ, ಚೆರಿಗೆ (ಹಣ್ಣು ಸಿಪ್ಪೆ ಸಮೇತ ಒಣಗಿಸಿದ್ದು) ಓಟಿ ನೋಡಿದ, ಅಂದ್ರೆ 50 ಕೆಜಿ ಚೀಲಕ್ಕೆ ಬೀಜ 26 ಕೆಜಿ ಬಂತಾ 28 ಬಂತಾ ಅಂತ ತೂಕ ಹಾಕಿದ, ಮಾಯಿಶ್ಚರ್ ನೋಡಿದ, ರೇಟ್ ಹೇಳಿದ, ಲಾರಿಗೆ ಹಾಕಿದ. ಇದೆಲ್ಲಾ ತೂಕದ ಲೆಕ್ಕ. ಲೋಟಕ್ಕೆ ಬಂದಾಗ ಅದರ ರುಚಿ ಹೇಗಿದೆ ಅಂತ ಕಣದ ಹತ್ರ ನಿಂತು ಕೇಳೋರು ಯಾರೂ ಇಲ್ಲ. ಹಣ್ಣು ಮಾತ್ರ ನೋಡಿ ಕುಯ್ಸಿದೋರಿಗೂ ಹಸಿರು ಕಾಯಿ ಸೇರಿಸಿ ಉದುರ್ಸಿದೋರಿಗೂ ಸಿಗೋ ರೇಟಲ್ಲಿ ದೊಡ್ಡ ವ್ಯತ್ಯಾಸ ಏನೂ ಇಲ್ಲ, ಹೀಗಿರುವಾಗ ಯಾಕಾದ್ರೂ ಕಷ್ಟಪಟ್ಟು ಒಳ್ಳೆ ಕಾಫಿ ಮಾಡ್ಬೇಕು ಹೇಳಿ?

ದೊಡ್ಡ ಎಸ್ಟೇಟಿನೋರಿಗೆ ದಾರಿ ಇದೆ, ಅವರು ಸ್ಯಾಂಪಲ್ ಕಳಿಸ್ತಾರೆ, ಕಪ್ಪಿಂಗ್ (ರುಚಿ ಪರೀಕ್ಷೆ) ಮಾಡಿಸ್ತಾರೆ, ಬೆಂಗಳೂರಿನ ರೋಸ್ಟರ್‌ಗಳ ಜೊತೆ ನೇರ ವ್ಯವಹಾರ ಇಟ್ಕೊಂಡಿದ್ದಾರೆ, ಕೆಲವರು ಸ್ವಂತ ಬ್ರ್ಯಾಂಡೇ ಮಾಡಿದ್ದಾರೆ. ಆದ್ರೆ ಈ ದೇಶದಲ್ಲಿ ಕಾಫಿ ಹಿಡುವಳಿಗಳಲ್ಲಿ ನೂರಕ್ಕೆ 98ಕ್ಕಿಂತ ಜಾಸ್ತಿ ಹತ್ತು ಹೆಕ್ಟೇರ್ ಒಳಗಿರೋ ಸಣ್ಣ ಬೆಳೆಗಾರರದ್ದು. ಮೂರು ಎಕರೆ ಐದು ಎಕರೆ ಇರೋರು ಇಡೀ ತೋಟನ ಸ್ಪೆಷಾಲಿಟಿ ಮಾಡೋಕೆ ಆಗಲ್ಲ, ಮಾಡ್ಬೇಕಾಗೂ ಇಲ್ಲ, ಒಂದೋ ಎರಡೋ ಚೀಲ ಚೆನ್ನಾಗಿ ಮಾಡ್ಬಹುದು. ಅಂಥ ಒಂದೆರಡು ಚೀಲಕ್ಕೆ ಗಿರಾಕಿ ಯಾರು ಅಂದ್ರೆ ನಮ್ಮಂಥ ಗುಂಪುಗಳೇ.

ಹೊರದೇಶದಲ್ಲಿ ಇದು ಹೊಸದೇನಲ್ಲ. ಅಮೆರಿಕಾದಲ್ಲಿ ಮನೆಲಿ ಹುರಿಯೋರು ಗುಂಪು ಕಟ್ಕೊಂಡು ಬ್ರೆಜಿಲ್ಲಿನ 60 ಕೆಜಿ ಚೀಲನೋ ಕೊಲಂಬಿಯಾದ 70 ಕೆಜಿ ಚೀಲನೋ ಇಡಿಯಾಗಿ ತರಿಸಿ ಯಾರದ್ದೋ ಗ್ಯಾರೇಜಲ್ಲಿ ತೂಕ ಮಾಡಿ ಹಂಚ್ಕೊಳ್ಳೋದು ಎಷ್ಟೋ ವರ್ಷದಿಂದ ನಡೀತಿದೆ. ಬ್ರೆಜಿಲ್ಲಲ್ಲಿ 1999ರಲ್ಲಿ ಕಪ್ ಆಫ್ ಎಕ್ಸಲೆನ್ಸ್ ಅಂತ ಸ್ಪರ್ಧೆ ಶುರುವಾಗಿ ಗೆದ್ದ ಲಾಟ್‌ಗಳನ್ನ ಹರಾಜು ಹಾಕೋಕೆ ಶುರು ಮಾಡಿದ್ರು, ಒಳ್ಳೆ ಕಾಫಿಗೆ ತೋಟದ ಹೆಸರಲ್ಲೇ ಬೆಲೆ ಬಂತು. 2004ರಲ್ಲಿ ಪನಾಮದ ಒಂದು ತೋಟದ ಗೇಶಾ ತಳಿ ಹರಾಜಲ್ಲಿ ಒಂದು ಪೌಂಡಿಗೆ 21 ಡಾಲರ್ ಹೋಯ್ತು, ಆ ಕಾಲಕ್ಕೆ ಅದು ಯಾರೂ ಕೇಳಿರದ ರೇಟು. ಅಲ್ಲಿ ಕೊಳ್ಳೋರು ಒಂದು ಖಂಡದಲ್ಲಿ ಬೆಳೆಯೋರು ಇನ್ನೊಂದು ಖಂಡದಲ್ಲಿ, ನಮ್ಮಲ್ಲಿ ಕೊಳ್ಳೋರು ಸುಂಟಿಕೊಪ್ಪದಲ್ಲಿದ್ರೆ ಬೆಳೆಯೋರು ಮಾದಾಪುರದಲ್ಲಿ, ಬಸ್ಸಲ್ಲಿ ಹೋಗಿ ಗಿಡ ನೋಡಿ ಬರಬಹುದು.

ಲೆಕ್ಕ ಹೇಳ್ತೀನಿ, ಯಾಕಂದ್ರೆ ದುಡ್ಡಿನ ಮಾತು ಬಿಟ್ಟು ಬರೀ ಪ್ರೀತಿ ಮಾತಾಡಿದ್ರೆ ಯಾವ ಬೆಳೆಗಾರನೂ ನಂಬಲ್ಲ. 50 ಕೆಜಿ ಅರೇಬಿಕಾ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ತೊಳೆದು, ಒಳಗಿನ ಗಟ್ಟಿ ಸಿಪ್ಪೆ ಸಮೇತ ಒಣಗಿಸಿದ ಬೀಜ) ಹಲ್ಲಿಂಗ್ ಮಾಡಿದ್ರೆ ಹತ್ತಿರ ಹತ್ತಿರ 40 ಕೆಜಿ ಬೀಜ ಸಿಗುತ್ತೆ. ಪಾರ್ಚ್‌ಮೆಂಟ್ ಚೀಲ 25 ಸಾವಿರ ಅಂತ ಇಟ್ಕೊಳ್ಳಿ, ರೇಟು ಮೇಲೆ ಕೆಳಗೆ ಆಗ್ತಾ ಇರುತ್ತೆ, ಲೆಕ್ಕಕ್ಕೆ ಹೇಳ್ತಿರೋದು, ಆಗ ಕೆಜಿ ಗ್ರೀನ್ ಬೀನ್ 625 ರೂಪಾಯಿ ಬಿತ್ತು. ಬೆಳೆಗಾರರಿಗೆ ಕಾಲು ಭಾಗ ಜಾಸ್ತಿ ಕೊಡೋಣ, ಹಲ್ಲಿಂಗು, ಬೀಜ ಆರಿಸೋದು ಎಲ್ಲಾ ಸೇರಿ ಕೆಜಿ 800 ಅನ್ನಿ. ಹುರಿದಾಗ ತೂಕ ನೂರಕ್ಕೆ ಹದಿನೈದರಿಂದ ಹದಿನೆಂಟು ಇಳಿಯುತ್ತೆ, ಡಾರ್ಕ್ ಮಾಡಿದ್ರೆ ಇನ್ನೂ ಜಾಸ್ತಿ. ಹಾಗಾದ್ರೆ ಹುರಿದ ಕಾಫಿ ಕೆಜಿಗೆ ಒಂದು ಸಾವಿರದ ಒಳಗೆ ಬಿತ್ತು. ಇದೇ ಮಟ್ಟದ ಕಾಫಿನ ಬೆಂಗಳೂರಿಂದ ತರಿಸಿದ್ರೆ 250 ಗ್ರಾಂ ಪ್ಯಾಕೆಟ್ಟಿಗೇ ಐನೂರು ಆರುನೂರು ಕೊಡ್ತೀವಿ, ಕೆಜಿಗೆ ಎರಡು ಸಾವಿರದ ಮೇಲಾಯ್ತು. ಬೆಳೆಗಾರರಿಗೆ ಚೀಲಕ್ಕೆ ಆರು ಸಾವಿರ ಜಾಸ್ತಿ ಸಿಕ್ತು, ಕುಡಿಯೋರಿಗೆ ಅರ್ಧ ದುಡ್ಡು ಉಳೀತು. ಹುರಿಯದ ಬೀಜಕ್ಕೆ ಜಿಎಸ್‌ಟಿ ಕೂಡ ಇಲ್ಲ.

ಈಗ ಕೆಲವರು ಹೇಳ್ತಾರೆ, ರೇಟ್ ಚೆನ್ನಾಗಿರುವಾಗ ಯಾಕೆ ಈ ತಲೆನೋವು, 2024ರಲ್ಲಿ ರೋಬಸ್ಟಾ ಚೆರಿನೇ ಚೀಲಕ್ಕೆ ಹತ್ತು ಸಾವಿರ ದಾಟಿಲ್ವಾ ಅಂತ. ದಾಟ್ತು, ನಿಜ. ಅದಕ್ಕೂ ಮೊದ್ಲು ಎಷ್ಟು ವರ್ಷ ಮೂರು ಸಾವಿರ ಮೂರೂವರೆ ಸಾವಿರದಲ್ಲೇ ಇತ್ತು ಅನ್ನೋದನ್ನೂ ನೆನಪಿಟ್ಕೋಬೇಕು. ಆ ರೇಟು ವಿಯೆಟ್ನಾಮಲ್ಲಿ ಮಳೆ ಆಯ್ತಾ ಬ್ರೆಜಿಲ್ಲಲ್ಲಿ ಬರ ಬಂತಾ ಅನ್ನೋದರ ಮೇಲೆ ಹೋಗುತ್ತೆ, ನಮ್ಮ ಕೈಲಿಲ್ಲ. ರೇಟ್ ಬಿದ್ದ ವರ್ಷ ಒಂದು ಚೀಲನಾದ್ರೂ ಗೊತ್ತಿರೋ ಮನೆಗಳಿಗೆ ಗೊತ್ತಿರೋ ರೇಟಲ್ಲಿ ಹೋಗುತ್ತೆ ಅಂತಿದ್ರೆ ಅದು ಸಣ್ಣ ವಿಷಯ ಅಲ್ಲ. ಮತ್ತೆ ಆ ಸಂಬಂಧನ ರೇಟ್ ಚೆನ್ನಾಗಿರುವಾಗಲೇ ಕಟ್ಕೋಬೇಕು, ಬಿದ್ದಾಗ ಹುಡುಕಿದ್ರೆ ಸಿಗಲ್ಲ.

ಕೊಳ್ಳೋರ ಕಡೆಯಿಂದ ಒಂದು ಜವಾಬ್ದಾರಿ ಇದೆ, ಅದನ್ನ ಗಟ್ಟಿಯಾಗಿ ಹೇಳ್ಬೇಕು. ಪ್ರೀಮಿಯಂ ಕಾಫಿ ಬೇಕು ಅಂದ್ರೆ ಕುಯ್ಲಿಗೆ ಮುಂಚೆನೇ ದುಡ್ಡು ಕೊಡ್ಬೇಕು, ಪೂರ್ತಿ ಆಗದಿದ್ರೆ ಅರ್ಧನಾದ್ರೂ. ಯಾಕಂದ್ರೆ ನಮ್ಮಲ್ಲಿ ಕುಯ್ಲಿನೋರಿಗೆ ಸಾಮಾನ್ಯವಾಗಿ ಕೆಜಿ ಲೆಕ್ಕದಲ್ಲಿ ಕೂಲಿ, ಅವರು ಆದಷ್ಟು ಬೇಗ ಆದಷ್ಟು ಜಾಸ್ತಿ ಕುಯ್ಯೋದು ನ್ಯಾಯನೇ, ಕೆಂಪು ಹಣ್ಣು ಮಾತ್ರ ನೋಡಿ ನೋಡಿ ಕುಯ್ಯಿ ಅಂದ್ರೆ ಅವರ ದಿನದ ಕೂಲಿ ಬೀಳುತ್ತೆ, ಅದನ್ನ ತುಂಬ್ಕೊಡೋರು ಯಾರು? ಬೆಳೆಗಾರ ತನ್ನ ಕೈಯಿಂದ ಕೊಟ್ಟು ಆಮೇಲೆ ಗುಂಪಿನೋರು ಬೇಡ ಅಂದ್ಬಿಟ್ರೆ? ಒಂದೇ ಗಿಡಕ್ಕೆ ಎರಡು ಮೂರು ಸಲ ಹೋಗ್ಬೇಕು, ಅವತ್ತೇ ಪಲ್ಪಿಂಗ್ ಮಾಡಿ ಹಣ್ಣಿನ ಸಿಪ್ಪೆ ತೆಗೀಬೇಕು, ಅರೇಬಿಕಾ ಆದ್ರೆ ಒಂದು ದಿನ ಒಂದೂವರೆ ದಿನ ಹುಳಿ ಬರಿಸಿ ತೊಳೀಬೇಕು, ಆಮೇಲೆ ಮಾಯಿಶ್ಚರ್ ನೂರಕ್ಕೆ ಹತ್ತು ಹನ್ನೊಂದಕ್ಕೆ ಬರೋವರೆಗೆ ನಿಧಾನವಾಗಿ ಒಣಗಿಸ್ಬೇಕು, ರಾತ್ರಿ ಇಬ್ಬನಿ ಬೀಳುತ್ತೆ ಅಂತ ಸಂಜೆ ಗುಡ್ಡೆ ಮಾಡಿ ಟಾರ್ಪಲ್ ಹೊದಿಸ್ಬೇಕು, ಮಧ್ಯದಲ್ಲಿ ಈಗೀಗ ಬರೋ ಅಕಾಲ ಮಳೆ ಬಂದ್ರೆ ಎಲ್ಲಾ ಹೋಯ್ತು. ಈ ರಿಸ್ಕ್ ಅಷ್ಟೂ ಬೆಳೆಗಾರರ ತಲೆ ಮೇಲೆ ಹಾಕಿ ಕೊನೆಗೆ ಬಂದು ರುಚಿ ನೋಡಿ ಚೌಕಾಸಿ ಮಾಡೋ ಗುಂಪು ಬೇಡ. ಮಳೆ ಬಂದು ಹಾಳಾದ್ರೆ ನಷ್ಟನೂ ಹಂಚ್ಕೊಳ್ತೀವಿ ಅಂತ ಮೊದ್ಲೇ ಬರೆದು ಕೊಡಿ, ದುಡ್ಡು ಇಟ್ಕೊಳ್ಳೋರು ಒಬ್ಬರೇ ಇರಲಿ ಲೆಕ್ಕ ಎಲ್ಲರಿಗೂ ತೋರಿಸಲಿ, ಹಂಚುವಾಗ ಅರ್ಧ ಮುಕ್ಕಾಲು ಕೆಜಿ ತೂಕದಲ್ಲಿ ಕಮ್ಮಿ ಬಂದೇ ಬರುತ್ತೆ, ಅದಕ್ಕೆ ಜಗಳ ಆಡ್ಬೇಡಿ.

ಒಳ್ಳೆ ಕಾಫಿ ಅಂದ್ರೆ ಅರೇಬಿಕಾ ಮಾತ್ರ ಅಂತ ಅಂದ್ಕೊಂಡಿರೋರು ನಮ್ಮಲ್ಲೂ ಇದ್ದಾರೆ. ದಕ್ಷಿಣ ಕೊಡಗಲ್ಲಿ ಬಿಳಿ ಕಾಂಡಕೊರಕದ ಕಾಟಕ್ಕೆ ಅರೇಬಿಕಾ ಕಿತ್ತು ರೋಬಸ್ಟಾ ಹಾಕಿದೋರೇ ಜಾಸ್ತಿ, ಅವರನ್ನ ಬಿಟ್ಟು ಈ ಗುಂಪು ಕಟ್ಟೋದ್ರಲ್ಲಿ ಅರ್ಥ ಇಲ್ಲ. ಹಣ್ಣು ಮಾತ್ರ ಕುಯ್ದು ಪಲ್ಪ್ ಮಾಡಿ ತೊಳೆದ ರೋಬಸ್ಟಾ ಪಾರ್ಚ್‌ಮೆಂಟ್ ಇದೆಯಲ್ಲ, ಕಾಪಿ ರಾಯಲ್ ಅಂತ ಹೊರದೇಶಕ್ಕೆ ಹೋಗೋದು ಅದರಲ್ಲಿ ಆರಿಸಿದ್ದೇ. ಸಿ×ಆರ್ ಅನ್ನೋ ರೋಬಸ್ಟಾ ಮಿಶ್ರತಳಿ ಇದ್ರಂತೂ ಇನ್ನೂ ಮೃದು. ಹಾಲು ಹಾಕಿ ಫಿಲ್ಟರ್ ಕಾಫಿ ಕುಡಿಯೋ ಮನೆಗೆ, ಬೆಲ್ಲ ಹಾಕಿ ಬರೀ ಕಾಫಿ ಕುಡಿಯೋ ಮನೆಗೆ ಅದೇ ಹೇಳಿ ಮಾಡಿಸಿದ್ದು. ನಮ್ಮ ಅಜ್ಜಿಯಂದಿರು ಸೌದೆ ಒಲೆ ಮೇಲೆ ಬಾಣಲೆಲಿ ಹುರೀತಿದ್ದಿದ್ದೂ ಮನೆ ತೋಟದ್ದೇ, ಮೊರದಲ್ಲಿ ಕೇರಿ ಸಿಪ್ಪೆ ಹಾರಿಸ್ತಿದ್ರು. ಈಗಿನೋರು ಸಣ್ಣ ಡ್ರಮ್ ತಂದ್ಕೊಂಡು ಥರ್ಮಾಮೀಟರ್ ಹಾಕಿ 200 ಡಿಗ್ರಿ ಹತ್ರ ಪಟಪಟ ಅಂತ ಮೊದಲ ಸಿಡಿತ ಬರೋದು ಕೇಳಿಸ್ಕೊಂಡು ಎಷ್ಟು ಹೊತ್ತಿಗೆ ಇಳಿಸೋದು ಅಂತ ಲೆಕ್ಕ ಬರೆದಿಡ್ತಾರೆ, ಅಷ್ಟೇ ವ್ಯತ್ಯಾಸ.

ಸರಿ, ಸಿಕ್ಕಾಕೊಳ್ತಿರೋದು ಎಲ್ಲಿ ಅಂದ್ರೆ ಹಲ್ಲಿಂಗಲ್ಲಿ. ಪಾರ್ಚ್‌ಮೆಂಟ್ ಹಾಗೇ ತಗೊಂಡು ಹುರಿಯೋಕಾಗಲ್ಲ, ಮೇಲಿನ ಗಟ್ಟಿ ಸಿಪ್ಪೆ ತೆಗೀಬೇಕು, ಸೈಜ್ ಪ್ರಕಾರ ಜರಡಿ ಹಿಡೀಬೇಕು, ಕಪ್ಪು ಬೀಜ, ಒಡೆದ ಬೀಜ, ಬೆರ್ರಿ ಬೋರರ್ ಹುಳ ಕೊರೆದಿದ್ದು ಎಲ್ಲಾ ಆರಿಸ್ಬೇಕು. ಒಂದು ಕೊಳೆತ ಬೀಜ ಇದ್ರೆ ಸಾಕು ಆ ಲೋಟ ಪೂರ್ತಿ ಕೆಟ್ಟ ವಾಸನೆ. ಇದನ್ನೆಲ್ಲಾ ಮಾಡೋದು ಕ್ಯೂರಿಂಗ್ ವರ್ಕ್ಸು. ನಾವು ಒಂದು ಕಡೆ ಹೋಗಿ ಒಂದೇ ಚೀಲ ಇದೆ ಬೇರೆಯಾಗಿ ಮಾಡ್ಕೊಡಿ ಅಂತ ಕೇಳಿದ್ವಿ, ಆಗಲ್ಲ ಅಂದ್ರು, ಇನ್ನೊಂದು ಕಡೆ ಕೇಳಿದ್ವಿ, ಬೇಕಾದ್ರೆ ಬೇರೆಯೋರ ಮಾಲಿನ ಜೊತೆ ಹಾಕಿ ಅದೇ ತೂಕ ವಾಪಸ್ ಕೊಡ್ತೀವಿ ಅಂದ್ರು. ಅದೇ ತೂಕ ಕೊಟ್ರೆ ಏನು ಬಂತು, ನಾವು ದುಡ್ಡು ಕೊಟ್ಟಿದ್ದು ಆ ತೋಟದ ಬೀಜಕ್ಕೆ. ಅವರ ಮೇಲೆ ನಂಗೆ ಸಿಟ್ಟಿಲ್ಲ, ಅವರ ಕಷ್ಟನೂ ಅರ್ಥ ಆಗುತ್ತೆ. ಆ ಮಷಿನ್‌ಗಳು ಟನ್ ಲೆಕ್ಕದ್ದು, ಎಲಿವೇಟರು, ಹಾಪರು, ಪೈಪು ಎಲ್ಲಾ ಕಡೆ ಹಿಂದಿನ ಲಾಟಿನ ಬೀಜ ನಿಂತಿರುತ್ತೆ, ಒಂದು ಚೀಲಕ್ಕೋಸ್ಕರ ಪೂರ್ತಿ ಕ್ಲೀನ್ ಮಾಡಿ ಸ್ಟಾರ್ಟ್ ಮಾಡಿದ್ರೆ ಕರೆಂಟ್ ಬಿಲ್ಲೂ ಹುಟ್ಟಲ್ಲ, ಮತ್ತೆ ನಮ್ಮ ಒಂದು ಚೀಲ ಒಳಗೆ ಹೋಗಿ ಅದರಲ್ಲಿ ಸ್ವಲ್ಪ ಅಲ್ಲೇ ಉಳ್ಕೊಳ್ಳುತ್ತೆ.

ಹಾಗಾಗಿ ಈಗ ಏನಾಗ್ತಿದೆ ಅಂದ್ರೆ ಕೆಲವರು ಮಿಕ್ಸಿಲಿ ಪ್ಲಾಸ್ಟಿಕ್ ಬ್ಲೇಡ್ ಹಾಕಿ ಅರ್ಧರ್ಧ ಕೆಜಿ ಸಿಪ್ಪೆ ಬಿಡಿಸ್ತಾರೆ, ಬೀಜ ಒಡೆಯುತ್ತೆ. ಇನ್ನು ಕೆಲವರು ಭತ್ತದ ಗಿರಣಿಲಿ ಟ್ರೈ ಮಾಡ್ತಾರೆ, ಬಿಸಿ ಆಗಿ ಬೀಜದ ಮೇಲೆ ಗೀರು ಬೀಳುತ್ತೆ, ತೌಡಿನ ವಾಸನೆ ಹಿಡಿಯುತ್ತೆ. ಇಡೀ ವರ್ಷ ಕಷ್ಟಪಟ್ಟು ಬೆಳೆದಿದ್ದನ್ನ ಕೊನೇ ಒಂದು ಗಂಟೆಲಿ ಹೀಗೆ ಹಾಳು ಮಾಡೋದು ನೋಡೋಕಾಗಲ್ಲ.

ಸ್ಯಾಂಪಲ್ ಹಲ್ಲರ್ ಅಂತ ಸಣ್ಣ ಮಷಿನ್‌ಗಳು ಇವೆ, ಲ್ಯಾಬ್‌ಗಳಲ್ಲಿ ಇಟ್ಕೊಂಡಿರ್ತಾರೆ. ಅದಕ್ಕಿಂತ ಸ್ವಲ್ಪ ದೊಡ್ಡದು, ಗಂಟೆಗೆ ಐವತ್ತು ನೂರು ಕೆಜಿ ಮಾಡೋವಂಥದ್ದು ಒಂದು, ಜೊತೆಗೆ ಕೈ ಜರಡಿಗಳ ಒಂದು ಸೆಟ್ಟು, ಮಾಯಿಶ್ಚರ್ ಮೀಟರ್ ಒಂದು, ಆರಿಸೋಕೆ ಒಳ್ಳೆ ಬೆಳಕಿರೋ ಉದ್ದ ಟೇಬಲ್ ಒಂದು. ಇಷ್ಟು ಸಾಕು. ಇದನ್ನ ಕುಶಾಲನಗರದಲ್ಲೋ ಗೋಣಿಕೊಪ್ಪದಲ್ಲೋ ಒಂದು ಸಹಕಾರ ಸಂಘದ ಗೋಡೌನಲ್ಲಿ ಇಡಬಹುದು, ಇಲ್ಲ 1946ರಿಂದ ನಡೀತಿರೋ ಚೆಟ್ಟಳ್ಳಿ ಕಾಫಿ ಸಂಶೋಧನಾ ಉಪಕೇಂದ್ರದಲ್ಲಿ ವಾರಕ್ಕೆ ಒಂದು ದಿನ ಅಂತ ಇಡಬಹುದು. ಚೀಲಕ್ಕೆ ಇಂತಿಷ್ಟು ಅಂತ ಫೀಸ್ ತಗೊಳ್ಳಲಿ, ಫ್ರೀಯಾಗಿ ಯಾರೂ ಕೇಳ್ತಿಲ್ಲ. ಬೀಜ ಆರಿಸೋ ಕೆಲಸ ಮಹಿಳಾ ಸಂಘದೋರಿಗೆ ಕೊಟ್ರೆ ಅವರಿಗೂ ಕುಯ್ಲು ಮುಗಿದ ಮೇಲೆ ಕೆಲಸ ಆಯ್ತು. ಹುರಿಯೋ ಮಷಿನ್ ಪುಡಿ ಮಾಡೋ ಮಷಿನ್‌ಗೆ ಕಾಫಿ ಬೋರ್ಡ್ ಸಬ್ಸಿಡಿ ಕೊಟ್ಟಿದ್ದುಂಟು, ಅದೇ ರೀತಿ ಸಣ್ಣ ಲಾಟ್ ಹಲ್ಲಿಂಗ್‌ಗೂ ಕೊಡಲಿ ಅಂತ ನನ್ನ ಮನವಿ. ಬೆಳೆಗಾರರ ಸಂಘಗಳು ಕಾಡಾನೆ ವಿಷಯ, ಸಾಲದ ವಿಷಯ, ವಿದ್ಯುತ್ ವಿಷಯ ಎತ್ತಿದ ಹಾಗೆ ಇದನ್ನೂ ಒಂದು ಮೀಟಿಂಗಲ್ಲಿ ಎತ್ತಲಿ.

ಟೈಮಿನ ವಿಷಯ ಒಂದು ಹೇಳ್ಬೇಕು, ಇದು ನಮ್ಮಂಥ ಮಳೆ ಊರುಗಳ ತೊಂದರೆ. ಗ್ರೀನ್ ಬೀನ್ ಒಣ ಜಾಗದಲ್ಲಿ ಆರು ತಿಂಗಳು ಒಂದು ವರ್ಷ ಚೆನ್ನಾಗೇ ಇರುತ್ತೆ ಅಂತ ಹೊರಗಿನೋರು ಹೇಳೋದು ಕೊಡಗಿನ ಮಳೆಗಾಲಕ್ಕೆ ನಡೆಯಲ್ಲ. ಜೂನ್ ಬಂದ್ರೆ ಗೋಡೆ ಮೇಲೇ ನೀರು ಇಳಿಯುತ್ತೆ, ಗೋಣಿ ಚೀಲದಲ್ಲಿರೋ ಬೀಜ ತೇವ ಎಳ್ಕೊಂಡು ಊದ್ಕೊಂಡು ಬಿಳಿಚ್ಕೊಳ್ಳುತ್ತೆ. ಮಂಗಳೂರು ಕಡೆ ಗೋಡೌನ್‌ಗಳಲ್ಲಿ ಬೇಕಂತಲೇ ಹೀಗೆ ಮಾಡಿ ಮಾನ್ಸೂನ್ಡ್ ಮಲಬಾರ್ ಅಂತ ಮಾರ್ತಾರೆ, ಅದು ಬೇರೆ ಕಸುಬು, ದಿನಾ ಕೆದಕಿ ಚೀಲ ಬದಲಾಯಿಸಿ ಮಾಡೋದು, ನಮ್ಮ ಅಟ್ಟದಲ್ಲಿ ತಾನಾಗೇ ಆದ್ರೆ ಅದು ಬೂಷ್ಟು ಅಷ್ಟೇ. ಹಾಗಾಗಿ ಹಲ್ಲಿಂಗು ಹಂಚಿಕೆ ಎಲ್ಲಾ ಏಪ್ರಿಲ್ ಕೊನೆ ಒಳಗೆ ಮುಗೀಬೇಕು, ಮನೆಗೆ ತಂದ ತಕ್ಷಣ ಗಾಳಿಯಾಡದ ಡಬ್ಬಿಗೋ ದಪ್ಪ ಪ್ಲಾಸ್ಟಿಕ್ ಕವರಿಗೋ ಹಾಕಿ ಬಿಗಿಯಾಗಿ ಕಟ್ಟಿಡ್ಬೇಕು, ಜುಲೈ-ಆಗಸ್ಟಿನ ಕಕ್ಕಡ ತಿಂಗಳಲ್ಲಿ ದಿನಾ ತೆಗೆದು ಮುಚ್ಚೋ ಹಾಗಿರಬಾರದು, ಹದಿನೈದು ದಿನಕ್ಕೆ ಆಗೋವಷ್ಟು ಒಂದು ಸಣ್ಣ ಡಬ್ಬಿಲಿ ಬೇರೆ ಇಟ್ಕೊಂಡ್ರೆ ಸಾಕು. ಸಾಧ್ಯ ಆದ್ರೆ ಬೆಳೆಗಾರರ ಹತ್ರನೇ ಪಾರ್ಚ್‌ಮೆಂಟಾಗೇ ಬಿಟ್ಟು ಬೇಕಾದಾಗ ಅರ್ಧ ಚೀಲ ಹಲ್ಲಿಂಗ್ ಮಾಡಿಸ್ಕೊಳ್ಳೋದು ಇನ್ನೂ ಉತ್ತಮ, ಸಿಪ್ಪೆ ಇದ್ದಷ್ಟು ದಿನ ಬೀಜ ಹೆಚ್ಚು ಭದ್ರ. ಅದಕ್ಕೂ ಮತ್ತೆ ಅದೇ ಸಣ್ಣ ಹಲ್ಲರ್ ಬೇಕು.

ನವೆಂಬರಲ್ಲಿ ಅರೇಬಿಕಾ ಕುಯ್ಲು ಶುರುವಾಗುತ್ತೆ. ಅಕ್ಟೋಬರಿನ ಕಾವೇರಿ ಸಂಕ್ರಮಣದ ಹೊತ್ತಿಗೆ ಗುಂಪುಗಳು ಬೆಳೆಗಾರರ ಹತ್ರ ಮಾತಾಡಿ ಅಡ್ವಾನ್ಸ್ ಕೊಟ್ಟಿರಬೇಕು, ಪುತ್ತರಿ (ಸುಗ್ಗಿ ಹಬ್ಬ) ಹೊತ್ತಿಗೆ ಮಷಿನ್ ಎಲ್ಲಿದೆ ಅಂತ ಗೊತ್ತಿರಬೇಕು. ಸರ್ಕಾರದಿಂದ ಬರೋವರೆಗೆ ಕಾಯೋಕಾಗಲ್ಲ, ನಮ್ಮ ಜಿಲ್ಲೆಲೇ ಕೆಲವು ತೋಟಗಳಲ್ಲಿ ಹಳೆ ಸಣ್ಣ ಹಲ್ಲರ್‌ಗಳು ಮೂಲೆಲಿ ನಿಂತಿರೋದು ನಾನೇ ನೋಡಿದ್ದೀನಿ, ಬೆಲ್ಟ್ ಹೋಗಿದೆ ಮೋಟಾರ್ ಹೋಗಿದೆ ಅಂತ ಬಿಟ್ಟಿರ್ತಾರೆ. ರಿಪೇರಿ ಖರ್ಚು ನಮ್ಮ ಗುಂಪುಗಳು ಹಾಕ್ಕೊಳ್ತೀವಿ, ಬಾಡಿಗೆನೂ ಕೊಡ್ತೀವಿ. ಅಂಥದ್ದು ಇರೋರು ದಯವಿಟ್ಟು ಈ ಪತ್ರಿಕೆಗೆ ಒಂದು ಸಾಲು ಬರೆದು ತಿಳಿಸಿ, ಸಂಪಾದಕರು ಅದನ್ನ ಪ್ರಕಟ ಮಾಡಿದ್ರೆ ತುಂಬಾ ಉಪಕಾರ ಆಗುತ್ತೆ.

ಇಂತಿ,
ಮನೆಲಿ ಕಾಫಿ ಹುರಿಯೋ ಒಬ್ಬ ಓದುಗ
ಸುಂಟಿಕೊಪ್ಪ, ಕೊಡಗು